ಗ್ರಾಹಕನನ್ನು ಎಣಿಸಿ ಕಟ್ಟಿದ ಮಾರುಕಟ್ಟೆ: ಫೋರ್ಟ್ ವರ್ತ್‌ನ ಪಾಠ, ಮುಂಡಾಜೆಯ ಲೆಕ್ಕ

ಪೇಟೆಯ ವಾಣಿಜ್ಯ ಸಂಕೀರ್ಣವೊಂದರ ಶಟರುಗಳು ಒಂದೊಂದಾಗಿ ಮುಚ್ಚತೊಡಗಿದಾಗ ಮಾಲೀಕರ ದೃಷ್ಟಿ ಮೊದಲು ಹೋಗುವುದು ಕಟ್ಟಡದ ಕಡೆಗೆ. ಬಣ್ಣ ಮಾಸಿದೆ, ಲಿಫ್ಟ್ ಇಲ್ಲ, ವಾಹನ ನಿಲ್ಲಿಸಲು ಸ್ಥಳ ಸಾಲದು ಎಂಬ ಕಾರಣಗಳು ಹೊಳೆಯುತ್ತವೆ. ಮತ್ತಷ್ಟು ಸಾಲ ಮಾಡಿ ಮುಂಭಾಗಕ್ಕೆ ಗಾಜು ಹಾಕಿಸುತ್ತಾರೆ. ಆದರೂ ಬಾಡಿಗೆದಾರರು ಬಾರದಿದ್ದಾಗ ಕಾಲವನ್ನು ದೂರುತ್ತಾರೆ. ಆ ಕಟ್ಟಡದ ಸುತ್ತ ಐದಾರು ಮೈಲಿಗಳಲ್ಲಿ ಈಗ ವಾಸಿಸುವವರು ಯಾರು, ಅವರ ಕೈಯಲ್ಲಿ ಹಣ ಇರುವುದು ಯಾವ ದಿನ, ಅವರು ಅದನ್ನು ಯಾವುದಕ್ಕೆ ಖರ್ಚು ಮಾಡುತ್ತಾರೆ ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ.

ಈ ಪ್ರಶ್ನೆಗಳಿಂದಲೇ ಆರಂಭಿಸಿ, ಬಹುಪಾಲು ಖಾಲಿಯಾಗಿದ್ದ ಬೃಹತ್ ಮಾರುಕಟ್ಟೆಯೊಂದನ್ನು ಪುನಃ ಲಾಭಕ್ಕೆ ತಂದ ನಿದರ್ಶನವೊಂದು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿದೆ. ಅದನ್ನು ಪರಿಚಯಿಸಿ, ಬೆಳ್ತಂಗಡಿ ತಾಲೂಕಿನ ಮುಂಡಾಜೆಯಂತಹ ಪೇಟೆಗಳಿಗೆ ಅದರಿಂದ ದೊರೆಯುವ ಪಾಠವನ್ನು ಲೆಕ್ಕದ ರೂಪದಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಖಾಲಿ ಮಳಿಗೆಗಳ ಸಮಸ್ಯೆ

ಈ ಸಮಸ್ಯೆ ಸಣ್ಣ ಪೇಟೆಗಳಿಗೆ ಸೀಮಿತವಾದುದಲ್ಲ. ನೈಟ್ ಫ್ರಾಂಕ್ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ವರದಿಯು ಭಾರತದ 29 ನಗರಗಳ ಮಾಲ್‌ಗಳನ್ನು ಪರಿಶೀಲಿಸಿತು. ಶೇ. 40ಕ್ಕಿಂತ ಹೆಚ್ಚು ಜಾಗ ಖಾಲಿ ಬಿದ್ದಿರುವ ಮಾಲ್‌ಗಳ ಸಂಖ್ಯೆ 2022ರಲ್ಲಿ 57 ಇದ್ದುದು 2023ರಲ್ಲಿ 64ಕ್ಕೆ ಏರಿತ್ತು. ಅದೇ ಅವಧಿಯಲ್ಲಿ ಉತ್ತಮವಾಗಿ ನಡೆಯುತ್ತಿದ್ದ ಮಾಲ್‌ಗಳೂ ಇದ್ದವು. ಎಂದರೆ ಜನರು ಖರ್ಚು ಮಾಡುವುದನ್ನು ನಿಲ್ಲಿಸಿರಲಿಲ್ಲ. ಖರ್ಚು ಮಾಡುವ ಸ್ಥಳವನ್ನು ಬದಲಿಸಿದ್ದರು.

ನಗರದ ಮಾಲ್ ದೊಡ್ಡ ಸಂಸ್ಥೆಗಳ ಸ್ವತ್ತಾದ್ದರಿಂದ ಅದರ ನಷ್ಟ ಹಲವು ಪಾಲುದಾರರಲ್ಲಿ ಹಂಚಿಹೋಗುತ್ತದೆ. ನಮ್ಮ ತಾಲೂಕುಗಳ ವಾಣಿಜ್ಯ ಸಂಕೀರ್ಣ ಹಾಗಲ್ಲ. ಅದು ಬಹುಮಟ್ಟಿಗೆ ಒಂದು ಕುಟುಂಬದ ಅಡಿಕೆಯ ಉಳಿತಾಯ, ಗಲ್ಫ್‌ನ ದುಡಿಮೆ ಅಥವಾ ತೋಟವನ್ನು ಅಡವಿಟ್ಟು ತಂದ ಬ್ಯಾಂಕ್ ಸಾಲದಿಂದ ಎದ್ದು ನಿಂತಿರುತ್ತದೆ. ಅದು ಖಾಲಿಯಾದರೆ ಕಂತು ಕಟ್ಟಲು ತೋಟದ ಆದಾಯವೇ ಹೋಗಬೇಕು.

ಫೋರ್ಟ್ ವರ್ತ್‌ನ ಮಾರುಕಟ್ಟೆ

ಟೆಕ್ಸಾಸಿನ ಫೋರ್ಟ್ ವರ್ತ್ ನಗರದ ದಕ್ಷಿಣ ಭಾಗದಲ್ಲಿ 1962ರಲ್ಲಿ ‘ಸೆಮಿನರಿ ಸೌತ್’ ಎಂಬ ಮಾರುಕಟ್ಟೆ ಆರಂಭವಾಯಿತು. ತೆರೆದ ಅಂಗಳದ ಸುತ್ತ ಅಂಗಡಿಗಳಿದ್ದ ಆ ಮಾರುಕಟ್ಟೆಯಲ್ಲಿ ಸಿಯರ್ಸ್, ಜೆ.ಸಿ. ಪೆನ್ನಿಗಳಂತಹ ಪ್ರಖ್ಯಾತ ಮಳಿಗೆಗಳಿದ್ದವು. 1980ರ ದಶಕದಲ್ಲಿ ಅಂಗಳಕ್ಕೆ ಮಾಡು ಹಾಕಿಸಿ ‘ಫೋರ್ಟ್ ವರ್ತ್ ಟೌನ್ ಸೆಂಟರ್’ ಎಂದು ಮರುನಾಮಕರಣ ಮಾಡಲಾಯಿತು. ಹೊಸ ಮಾಡಾಗಲೀ ಹೊಸ ಹೆಸರಾಗಲೀ ಇಳಿಮುಖವನ್ನು ತಡೆಯಲಿಲ್ಲ. ದೊಡ್ಡ ಮಳಿಗೆಗಳು ಒಂದೊಂದಾಗಿ ಹೊರಟವು. 2004ರ ಹೊತ್ತಿಗೆ ಸುಮಾರು ಹತ್ತರಲ್ಲಿ ಒಂದು ಪಾಲು ಜಾಗ ಮಾತ್ರ ಬಾಡಿಗೆಗೆ ಹೋಗಿತ್ತು.

ಕಾರಣ ಸರಳವಾದುದು. ಮಾರುಕಟ್ಟೆಯನ್ನು ಕಟ್ಟಿದಾಗ ಸುತ್ತ ಇದ್ದ ಇಂಗ್ಲಿಷ್ ಮಾತನಾಡುವ ಮಧ್ಯಮ ವರ್ಗದವರಲ್ಲಿ ಅನೇಕರು ದೂರದ ಹೊಸ ಬಡಾವಣೆಗಳಿಗೆ ಹೋಗಿದ್ದರು. ಅವರ ಜಾಗಕ್ಕೆ ಮೆಕ್ಸಿಕೋ ಮೂಲದ, ಸ್ಪಾನಿಷ್ ಮಾತನಾಡುವ ಕುಟುಂಬಗಳು ಬಂದಿದ್ದವು. ಅಮೆರಿಕದಲ್ಲಿ ಇಂತಹವರನ್ನು ‘ಹಿಸ್ಪಾನಿಕ್’ ಸಮುದಾಯವೆಂದು ಕರೆಯುತ್ತಾರೆ. 2000ದ ಜನಗಣತಿಯಲ್ಲಿ ಇವರ ಸಂಖ್ಯೆ ದೇಶದಾದ್ಯಂತ 3.53 ಕೋಟಿ ಇದ್ದುದು 2020ರಲ್ಲಿ 6.21 ಕೋಟಿಗೆ ಏರಿದೆ. ಅಂಗಡಿಗಳು ಹೋದವರಿಗಾಗಿ ಕಾಯುತ್ತಿದ್ದವು. ಬಂದವರಿಗೆ ಬೇಕಾದುದು ಅಲ್ಲಿ ದೊರೆಯುತ್ತಿರಲಿಲ್ಲ.

2004ರಲ್ಲಿ ಬಾಕ್ಸರ್ ಪ್ರಾಪರ್ಟಿ ಸಂಸ್ಥೆ ಮತ್ತು ಮೆಕ್ಸಿಕೋದಲ್ಲಿ ಹುಟ್ಟಿ ಲಾಸ್ ಏಂಜಲೀಸ್‌ನಲ್ಲಿ ಸ್ಥಿರಾಸ್ತಿ ವ್ಯವಹಾರ ನಡೆಸುತ್ತಿದ್ದ ಹೋಸೆ ದೆ ಹೆಸೂಸ್ ಲೆಗಾಸ್ಪಿ ಅವರು ಇದನ್ನು ಕೈಗೆತ್ತಿಕೊಂಡರು. ‘ಲಾ ಗ್ರಾನ್ ಪ್ಲಾಜಾ’ ಎಂಬ ಹೊಸ ಹೆಸರಿನಲ್ಲಿ ಆರಂಭವಾದ ಮಾರುಕಟ್ಟೆ ಕೆಲವೇ ವರ್ಷಗಳಲ್ಲಿ ಬಹುಪಾಲು ಭರ್ತಿಯಾಯಿತು.

ಬದಲಾದದ್ದೇನು?

ಗೋಡೆ ಮತ್ತು ಮುಂಭಾಗಕ್ಕೆ ಮೆಕ್ಸಿಕೋದ ಹಳೆಯ ಪಟ್ಟಣದ ಚೌಕದ ರೂಪವನ್ನು ಕೊಡಲಾಯಿತು ಎಂಬುದು ನಿಜ. ಆದರೆ ವ್ಯಾಪಾರಿಗಳಾದ ನಾವು ಗಮನಿಸಬೇಕಾದ ಬದಲಾವಣೆಗಳು ನಾಲ್ಕು.

ಮೊದಲನೆಯದು, ಅಂಗಡಿಯ ಅಳತೆ. ದೊಡ್ಡ ಮಳಿಗೆ ಬಿಟ್ಟುಹೋದ ಜಾಗಕ್ಕೆ ಮತ್ತೊಂದು ದೊಡ್ಡ ಮಳಿಗೆಯನ್ನು ಹುಡುಕುವುದರಲ್ಲೇ ಕಾಲ ಕಳೆಯದೆ, ಅಲ್ಲಿ ‘ಎಲ್ ಮೆರ್ಕಾಡೊ’ ಎಂಬ ಸಣ್ಣ ಮಳಿಗೆಗಳ ಸಂತೆಯನ್ನು ರೂಪಿಸಲಾಯಿತು. ಸ್ವಂತ ಅಂಗಡಿ ಹಾಕುವಷ್ಟು ಬಂಡವಾಳವಿಲ್ಲದ, ಬ್ಯಾಂಕಿನಲ್ಲಿ ಸಾಲದ ಇತಿಹಾಸವಿಲ್ಲದ ಕುಟುಂಬಗಳಿಗೂ ಒಂದು ಕೋಣೆ ದೊರೆಯಿತು. ಗ್ರಾಹಕರ ಸಮುದಾಯದಿಂದಲೇ ವ್ಯಾಪಾರಿಗಳೂ ಹುಟ್ಟಿದರು.

ಎರಡನೆಯದು, ಸರಕಿನ ಆಯ್ಕೆ. ಮೆಕ್ಸಿಕೋ ಮೂಲದ ಕುಟುಂಬಗಳಲ್ಲಿ ಹೆಣ್ಣುಮಗಳ ಹದಿನೈದನೆಯ ಹುಟ್ಟುಹಬ್ಬವನ್ನು ಮದುವೆಯಷ್ಟೇ ವಿಜೃಂಭಣೆಯಿಂದ ಆಚರಿಸುತ್ತಾರೆ. ಅದಕ್ಕೆ ‘ಕಿನ್ಸೆಆನ್ಯೆರಾ’ ಎಂದು ಹೆಸರು. ಆ ದಿನದ ಉಡುಪು, ಕಿರೀಟ, ಛಾಯಾಚಿತ್ರ, ಕೇಕ್ ಇವೆಲ್ಲ ಒಂದೇ ಕಡೆ ದೊರೆತರೆ ಕುಟುಂಬವು ಬೇರೆಡೆ ಹೋಗಬೇಕಾಗಿಲ್ಲ. ಹಾಗೆಯೇ ಆ ನಾಡಿನ ಚರ್ಮದ ಬೂಟು, ಟೋಪಿ, ತಿಂಡಿ, ದಿನಸಿ ಎಲ್ಲಕ್ಕೂ ಸ್ಥಳವಾಯಿತು.

ಮೂರನೆಯದು, ಸೇವೆಗಳು. ವೈದ್ಯರು, ದಂತವೈದ್ಯರು, ತೆರಿಗೆ ಪತ್ರ ತುಂಬಿಸುವವರು ಮೊದಲಾದವರಿಗೂ ಅಲ್ಲಿ ಜಾಗ ದೊರೆಯಿತು. ತಮ್ಮ ಭಾಷೆಯಲ್ಲಿ ಉತ್ತರ ಸಿಗುವ ಕಡೆಗೆ ಜನರು ಒಮ್ಮೆ ಕೆಲಸಕ್ಕಾಗಿ ಬಂದರೆ, ಮರಳುವಾಗ ಸಾಮಾನು ಕೊಂಡುಹೋಗುವುದು ಸಹಜ.

ನಾಲ್ಕನೆಯದು, ದಿನ ಮತ್ತು ವೇಳೆ. ಆ ಕುಟುಂಬಗಳಿಗೆ ಭಾನುವಾರವೇ ಬಿಡುವು. ಚರ್ಚಿನ ಪ್ರಾರ್ಥನೆ ಮುಗಿಸಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಒಟ್ಟಾಗಿ ಬರುವವರಿಗೆ ಕುಳಿತುಕೊಳ್ಳಲು ಸ್ಥಳ, ನಡುವೆ ವೇದಿಕೆ, ಅದರಲ್ಲಿ ಉಚಿತವಾದ ಮಾರಿಯಾಚಿ ಸಂಗೀತ ಏರ್ಪಾಡಾಯಿತು. ಹಬ್ಬಗಳೂ ಅವರ ಪಂಚಾಂಗದ ಪ್ರಕಾರವೇ ನಡೆದವು. ಸಂಗೀತದ ಖರ್ಚನ್ನು ದಾನವೆಂದು ತಿಳಿಯಬಾರದು. ಗ್ರಾಹಕನು ಮಾರುಕಟ್ಟೆಯೊಳಗೆ ಇರುವ ವೇಳೆಯನ್ನು ಹೆಚ್ಚಿಸುವ ವೆಚ್ಚವದು.

ಇನ್ನೆರಡು ನಿದರ್ಶನಗಳು

ಜಾರ್ಜಿಯಾ ರಾಜ್ಯದ ಅಟ್ಲಾಂಟಾ ಬಳಿ, ಬ್ಯೂಫರ್ಡ್ ಹೆದ್ದಾರಿಯ ಹಳೆಯ ಮಾಲ್ ಒಂದನ್ನು ಮೊದಲು ಏಷ್ಯಾ ಮೂಲದವರಿಗಾಗಿ ‘ಓರಿಯೆಂಟಲ್ ಮಾಲ್’ ಎಂದು ರೂಪಿಸಲಾಯಿತು. ಅದು ನಿಲ್ಲಲಿಲ್ಲ. 2000ದ ಸುಮಾರಿಗೆ ಅದೇ ಕಟ್ಟಡ ‘ಪ್ಲಾಜಾ ಫಿಯೆಸ್ಟಾ’ ಎಂಬ ಹಿಸ್ಪಾನಿಕ್ ಮಾರುಕಟ್ಟೆಯಾಗಿ, ನೂರಾರು ಸಣ್ಣ ಅಂಗಡಿಗಳಿಂದ ತುಂಬಿತು. ಒಂದು ಸಮುದಾಯದ ಹೆಸರನ್ನು ಫಲಕದ ಮೇಲೆ ಬರೆಸಿದೊಡನೆ ವ್ಯಾಪಾರವಾಗುವುದಿಲ್ಲ, ಆ ಸಮುದಾಯವು ಸಾಕಷ್ಟು ಸಂಖ್ಯೆಯಲ್ಲಿ ಸಮೀಪದಲ್ಲಿರಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಕ್ಯಾಲಿಫೋರ್ನಿಯಾದ ಲಿನ್‌ವುಡ್‌ನಲ್ಲಿ 2000ದ ದಶಕದ ಆರಂಭದಲ್ಲಿ ರೂಪುಗೊಂಡ ‘ಪ್ಲಾಜಾ ಮೆಕ್ಸಿಕೋ’ವನ್ನು ಕಟ್ಟಿದವರು ಕೊರಿಯಾ ಮೂಲದ ಸೋದರರು. ಗ್ರಾಹಕರ ಜಾತಿ, ಭಾಷೆಗಳಿಗೆ ಮಾಲೀಕನು ಸೇರಿರಬೇಕೆಂಬ ನಿಯಮವಿಲ್ಲ. ಅವರ ಅಗತ್ಯವನ್ನು ಗೌರವದಿಂದ ಅಧ್ಯಯನ ಮಾಡಿದ್ದರೆ ಸಾಕು. ಮಂಗಳೂರಿನಿಂದ ಮುಂಬಯಿಗೆ ಹೋಗಿ ಹೋಟೆಲು ನಡೆಸಿ ಯಶಸ್ವಿಯಾದ ನಮ್ಮ ಜಿಲ್ಲೆಯವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ನಮ್ಮ ಪ್ರದೇಶದ ಗ್ರಾಹಕ ಯಾರು?

ಉಜಿರೆಯಿಂದ ಚಾರ್ಮಾಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಮುಂಡಾಜೆ ಇದೆ. ಹೆದ್ದಾರಿಯ ಅಂಚಿನ ಪೇಟೆಯಾದ್ದರಿಂದ ಹಾದುಹೋಗುವ ವಾಹನಗಳನ್ನು ನಂಬಿ ಅಂಗಡಿಕೋಣೆಗಳನ್ನು ಕಟ್ಟುವ ಪ್ರವೃತ್ತಿ ಸಹಜ. ಆದರೆ 2019ರ ಆಗಸ್ಟ್ ತಿಂಗಳ ಪ್ರವಾಹ ಮತ್ತು ಭೂಕುಸಿತದಲ್ಲಿ ಚಾರ್ಮಾಡಿ ಘಾಟಿಯ ಸಂಚಾರ ನಿಂತುಹೋಯಿತು. ಘನ ವಾಹನಗಳಿಗೆ ನಿರ್ಬಂಧ ದೀರ್ಘಕಾಲ ಮುಂದುವರಿಯಿತು. ಘಾಟಿ ಮುಚ್ಚಿದ ದಿನವೂ ಅಂಗಡಿಗೆ ಬರುವ ಗ್ರಾಹಕನೇ ಪೇಟೆಯ ನಿಜವಾದ ಆಧಾರ. ಆತನು ಯಾರು?

ಅಡಿಕೆ ಬೆಳೆಗಾರರು ಮೊದಲಿಗರು. ಇವರ ಕೈಯಲ್ಲಿ ಹಣ ತಿಂಗಳಿಗೊಮ್ಮೆ ಬರುವುದಿಲ್ಲ. ಅಡಿಕೆ ಒಣಗಿ, ಸುಲಿದು, ಮಾರಾಟವಾದಾಗ ಬರುತ್ತದೆ. ಆಟಿ ತಿಂಗಳಲ್ಲಿ ಕೈ ಬಿಗಿ. ಪತ್ತನಾಜೆಯೊಳಗೆ ಮದುವೆ, ಕೋಲ, ನೇಮ, ಯಕ್ಷಗಾನಗಳ ಖರ್ಚು ಮುಗಿದಿರುತ್ತದೆ. ಇವರೊಳಗೂ ತುಳು, ಕನ್ನಡ, ಕೊಂಕಣಿ, ಬ್ಯಾರಿ ಮಾತನಾಡುವವರಿದ್ದಾರೆ. ಮುಂಡಾಜೆಯಲ್ಲಿ ತಲೆಮಾರುಗಳಿಂದ ನೆಲೆಸಿದ ಚಿತ್ಪಾವನ ಕುಟುಂಬಗಳೂ ಇವೆ. ಎಲ್ಲರ ಹಬ್ಬಗಳೂ ಬೇರೆ, ಖರೀದಿಯ ಪಟ್ಟಿಯೂ ಬೇರೆ.

ಎರಡನೆಯವರು ಕೇರಳದಿಂದ ಬಂದು ರಬ್ಬರ್ ಬೆಳೆಸಿ ನೆಲೆನಿಂತ ಮಲಯಾಳಿ ಕ್ರೈಸ್ತ ಕುಟುಂಬಗಳು. 1999ರಲ್ಲಿ ಬೆಳ್ತಂಗಡಿಯನ್ನು ಕೇಂದ್ರವಾಗಿಸಿ ಸೀರೋ ಮಲಬಾರ್ ಧರ್ಮಪ್ರಾಂತ್ಯ ಸ್ಥಾಪನೆಯಾದುದೇ ಇವರ ಸಂಖ್ಯೆಗೆ ಸಾಕ್ಷಿ. ರಬ್ಬರ್ ಹಾಳೆಯ ಮಾರಾಟದಿಂದ ಇವರಿಗೆ ವರ್ಷದ ಬಹು ತಿಂಗಳು ಸಣ್ಣ ಸಣ್ಣ ಮೊತ್ತ ಕೈ ಸೇರುತ್ತದೆ. ಭಾನುವಾರ ಇವರೂ ಕುಟುಂಬಸಮೇತ ಹೊರಡುವವರೇ.

ಮೂರನೆಯವರು ಅಸ್ಸಾಂ, ಬಿಹಾರ, ಜಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳಗಳಿಂದ ಬಂದು ತೋಟ, ಕಟ್ಟಡ, ರಸ್ತೆ ಕೆಲಸಗಳಲ್ಲಿ ದುಡಿಯುವ ಕಾರ್ಮಿಕರು. ಫೋರ್ಟ್ ವರ್ತ್‌ನ ಪರಿಸ್ಥಿತಿಗೆ ಅತ್ಯಂತ ಸಮೀಪದ ಗ್ರಾಹಕರು ಇವರು. ಇವರಿಗೆ ಬೇಕಾದುದು ಸಾಸಿವೆ ಎಣ್ಣೆ, ಮೊಬೈಲ್ ದುರಸ್ತಿ, ಊರಿಗೆ ಹಣ ಕಳುಹಿಸುವ ವ್ಯವಸ್ಥೆ, ರೈಲು ಟಿಕೆಟ್, ಗಟ್ಟಿ ಬಟ್ಟೆ, ಹಿಂದಿಯಲ್ಲಿ ಉತ್ತರಿಸುವ ಅಂಗಡಿಯಾತ. ಕೂಲಿ ದೊರೆತು ಬಿಡುವಾಗುವುದು ಭಾನುವಾರ. ಆ ಮಧ್ಯಾಹ್ನ ನಮ್ಮ ಅನೇಕ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಇವರನ್ನು ಸಂಶಯದಿಂದ ನೋಡುವ ಅಂಗಡಿಯೂ ಉಂಟು. ಹಾಗೆ ನೋಡುವುದು ಸರಿಯಲ್ಲ. ಅದರಿಂದ ವ್ಯಾಪಾರಕ್ಕೂ ನಷ್ಟ.

ಮಾಲೀಕನ ಲೆಕ್ಕ

ಈಗ ಒಂದು ಊಹೆಯ ಉದಾಹರಣೆಯನ್ನು ತೆಗೆದುಕೊಳ್ಳೋಣ. ಓದುಗರು ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬಹುದು.

ಒಂದು ಸಂಕೀರ್ಣದಲ್ಲಿ 6,000 ಚದರಡಿಯ ಒಂದು ಮಹಡಿ. ಹಿಂದೆ ಒಬ್ಬನೇ ಬಾಡಿಗೆದಾರ ಚದರಡಿಗೆ ರೂ. 20ರಂತೆ ತಿಂಗಳಿಗೆ ರೂ. 1,20,000 ಕೊಡುತ್ತಿದ್ದನು. ಈಗ ಖಾಲಿ. ಬ್ಯಾಂಕ್ ಕಂತು ತಿಂಗಳಿಗೆ ರೂ. 45,000.

ಇದನ್ನು ತಲಾ 100 ಚದರಡಿಯ 30 ಮಳಿಗೆಗಳಾಗಿ ವಿಂಗಡಿಸೋಣ. ಉಳಿದ 3,000 ಚದರಡಿ ನಡೆದಾಡಲು, ಕುಳಿತುಕೊಳ್ಳಲು, ಶೌಚಾಲಯ ಮತ್ತು ದಾಸ್ತಾನಿಗೆ. ಮಳಿಗೆಯ ಬಾಡಿಗೆ ತಿಂಗಳಿಗೆ ರೂ. 4,000. ವಿಭಾಗ, ವಿದ್ಯುತ್ ಜೋಡಣೆ, ಶೌಚಾಲಯಗಳ ವೆಚ್ಚ ರೂ. 9,00,000. ಸ್ವಚ್ಛತೆ, ಕಾವಲು, ಸಾಮಾನ್ಯ ವಿದ್ಯುತ್, ಭಾನುವಾರದ ಕಾರ್ಯಕ್ರಮಗಳಿಗೆ ತಿಂಗಳಿಗೆ ರೂ. 35,000.

ನಿರ್ವಹಣೆ ಮತ್ತು ಕಂತು ಸೇರಿ ರೂ. 80,000. ಅದನ್ನು ಸರಿದೂಗಿಸಲು 20 ಮಳಿಗೆಗಳು ಭರ್ತಿಯಾಗಬೇಕು. ಆರಂಭದಲ್ಲಿ ವ್ಯಾಪಾರ ಕುದುರಲು ಆರು ತಿಂಗಳು ಅರ್ಧ ಬಾಡಿಗೆ ಎಂದಿಟ್ಟುಕೊಂಡರೆ, 20 ಮಳಿಗೆಗಳಿಂದ ಬರುವುದು ರೂ. 40,000, ತಿಂಗಳ ಕೊರತೆಯೂ ರೂ. 40,000. ಆರು ತಿಂಗಳಿಗೆ ರೂ. 2,40,000. ಈ ಮೊತ್ತವನ್ನು ಆರಂಭದಲ್ಲೇ ಬಂಡವಾಳದೊಳಗೆ ಸೇರಿಸಿಕೊಳ್ಳಬೇಕು. ಯೋಜನಾ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಬಾಬತ್ತು ಇದೇ. ಇದನ್ನು ಸೇರಿಸಿದರೆ ಒಟ್ಟು ಬಂಡವಾಳ ರೂ. 11,40,000.

ಆರು ತಿಂಗಳ ನಂತರ 23 ಮಳಿಗೆಗಳು ಪೂರ್ಣ ಬಾಡಿಗೆಗೆ ನಡೆದರೆ ಆದಾಯ ರೂ. 92,000. ಕಂತು ಸಹಿತ ಎಲ್ಲ ಖರ್ಚು ಕಳೆದು ಉಳಿಯುವುದು ರೂ. 12,000 ಮಾತ್ರ. ಇದನ್ನು ಕಂಡು ಯೋಜನೆ ಲಾಭದಾಯಕವಲ್ಲವೆಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಮಹಡಿ ಖಾಲಿ ಇದ್ದರೂ ಕಂತನ್ನು ಕಟ್ಟಲೇಬೇಕಷ್ಟೆ. ಆದ್ದರಿಂದ ಹೋಲಿಕೆಯು ಖಾಲಿ ಮಹಡಿಯೊಂದಿಗೆ ಆಗಬೇಕು. ಹೊಸ ವ್ಯವಸ್ಥೆಯಿಂದ ಹೆಚ್ಚುವರಿಯಾಗಿ ದೊರೆಯುವುದು ರೂ. 92,000ದಲ್ಲಿ ರೂ. 35,000 ಕಳೆದು ರೂ. 57,000. ಪೂರ್ಣ ಬಾಡಿಗೆ ಆರಂಭವಾದ 20 ತಿಂಗಳಲ್ಲಿ ಹಾಕಿದ ಬಂಡವಾಳ ಮರಳುತ್ತದೆ. 30 ಮಳಿಗೆಗಳಲ್ಲಿ ಮೂರು ನಾಲ್ಕು ಬದಲಾಗುತ್ತಿದ್ದರೂ ಮಾರುಕಟ್ಟೆ ನಿಲ್ಲುವುದಿಲ್ಲ. ಒಬ್ಬನೇ ದೊಡ್ಡ ಬಾಡಿಗೆದಾರ ಹೊರಟರೆ ಎಲ್ಲವೂ ಒಂದೇ ದಿನ ನಿಲ್ಲುತ್ತದೆ.

ಬಾಡಿಗೆದಾರನ ಲೆಕ್ಕ

ಸಣ್ಣ ಮಳಿಗೆಯವನು ಉಳಿದರೆ ಮಾತ್ರ ಮಾಲೀಕನ ಲೆಕ್ಕ ಸರಿ. ಮಾರಾಟದಲ್ಲಿ ಶೇ. 15 ಒಟ್ಟು ಲಾಭಾಂಶ ದೊರೆಯುವ ವ್ಯಾಪಾರವಾದರೆ, ಬಾಡಿಗೆಯೊಂದಕ್ಕೇ ತಿಂಗಳಿಗೆ ಸುಮಾರು ರೂ. 26,700 ಮಾರಾಟ ಬೇಕು. ಬಾಡಿಗೆಯು ಒಟ್ಟು ಲಾಭದ ಮೂರನೆಯ ಒಂದು ಪಾಲನ್ನು ಮೀರದಿರಲಿ ಎಂದಾದರೆ ಮಾರಾಟ ರೂ. 80,000 ಆಗಬೇಕು. 26 ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು ರೂ. 3,100. ಮಾಲೀಕನೂ ಈ ಲೆಕ್ಕವನ್ನು ಮಾಡಿ, ಅಷ್ಟು ಮಾರಾಟ ಸಾಧ್ಯವಿಲ್ಲದ ವ್ಯಾಪಾರಕ್ಕೆ ಕೋಣೆ ಕೊಡದಿರುವುದು ಇಬ್ಬರಿಗೂ ಕ್ಷೇಮ. ಮೊದಲ ತಿಂಗಳುಗಳಲ್ಲಿ ಬಾಡಿಗೆಯನ್ನು ಮಾರಾಟದ ಶೇಕಡಾವಾರು ಆಧಾರದಲ್ಲಿ ನಿಗದಿಪಡಿಸುವುದೂ ಒಂದು ಮಾರ್ಗ.

ಇಂತಹ ವ್ಯಾಪಾರಿಗಳು ಎಲ್ಲಿಂದ ಬರಬೇಕು? ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಆರಂಭವಾದುದು ಬೆಳ್ತಂಗಡಿ ತಾಲೂಕಿನಲ್ಲೇ. ಸ್ವಸಹಾಯ ಸಂಘಗಳಲ್ಲಿ ವಾರದ ಉಳಿತಾಯ, ಕಂತು, ಲೆಕ್ಕಗಳಲ್ಲಿ ಪಳಗಿದ ಮಹಿಳೆಯರು ನಮ್ಮ ಪ್ರತಿ ಗ್ರಾಮದಲ್ಲೂ ಇದ್ದಾರೆ. ಹಪ್ಪಳ, ಉಪ್ಪಿನಕಾಯಿ, ಹೊಲಿಗೆ, ಹೂವು, ತಿಂಡಿ ಇವುಗಳಿಗೆ 100 ಚದರಡಿ ಧಾರಾಳವಾಯಿತು. ಇವರಿಗೆ ಎಟುಕದಿರುವುದು ದೊಡ್ಡ ಮೊತ್ತದ ಮುಂಗಡ ಠೇವಣಿ. ಅದನ್ನು ಎರಡು ತಿಂಗಳ ಬಾಡಿಗೆಗೆ ಇಳಿಸಿದರೆ ಅವರು ಬರಬಲ್ಲರು.

ತೆರಿಗೆ ಮತ್ತು ಕರಾರು

ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ಸಾಮಾನ್ಯವಾಗಿ ವಾರ್ಷಿಕ ರೂ. 40 ಲಕ್ಷ, ಸೇವೆಗಳಿಗೆ ರೂ. 20 ಲಕ್ಷ. ತಿಂಗಳಿಗೆ ರೂ. 80,000 ಮಾರಾಟದ ಮಳಿಗೆ ಈ ಮಿತಿಯಿಂದ ಬಹಳ ಕೆಳಗಿದೆ. ಆದರೆ ಮಾಲೀಕನು ನೋಂದಾಯಿತನಾಗಿದ್ದರೆ ವಾಣಿಜ್ಯ ಬಾಡಿಗೆಯ ಮೇಲೆ ಶೇ. 18 ತೆರಿಗೆ ವಿಧಿಸಬೇಕು. ರೂ. 4,000 ಆಗ ರೂ. 4,720 ಆಗುತ್ತದೆ. ನೋಂದಣಿಯಿಲ್ಲದ ಸಣ್ಣ ವ್ಯಾಪಾರಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದು. ಹಾಗಾಗಿ ಈ ರೂ. 720 ಆತನ ನೇರ ಖರ್ಚು. ಬಾಡಿಗೆ ನಿಗದಿಪಡಿಸುವಾಗಲೇ ಇದನ್ನು ಗಮನಿಸಬೇಕು.

ಮಾಲೀಕನಿಗೆ ಬೇರೆ ವ್ಯಾಪಾರವಿದ್ದರೆ ಅದರ ವಹಿವಾಟೂ ಬಾಡಿಗೆಯೊಂದಿಗೆ ಒಟ್ಟು ವಹಿವಾಟಿಗೆ ಸೇರುತ್ತದೆ. ಇನ್ನು, ನೋಂದಣಿಯಿಲ್ಲದ ಮಾಲೀಕನು ನೋಂದಾಯಿತ ವ್ಯಾಪಾರಿಗೆ ಕೋಣೆ ಕೊಟ್ಟರೆ, 2024ರ ಅಕ್ಟೋಬರ್ 10ರಿಂದ ಆ ತೆರಿಗೆಯನ್ನು ಬಾಡಿಗೆದಾರನೇ ಕಟ್ಟಬೇಕಾಗಿದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವ ವ್ಯಾಪಾರಿಗಳನ್ನು 2025ರ ಜನವರಿ 16ರಿಂದ ಇದರಿಂದ ಹೊರಗಿಡಲಾಗಿದೆ. ಮಳಿಗೆ ಹಂಚುವ ಮೊದಲೇ ಪ್ರತಿಯೊಬ್ಬರ ಸ್ಥಿತಿಯನ್ನು ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು.

ಕರಾರು ಲಿಖಿತವಾಗಿರಲಿ. ಸಾಮಾನ್ಯ ವೆಚ್ಚದ ಪಾಲು, ತೆರೆಯುವ ದಿನ ಮತ್ತು ವೇಳೆ, ಬಿಡುವ ಮುನ್ಸೂಚನೆ, ಠೇವಣಿ ಮರಳಿಸುವ ಅವಧಿ ಇವು ನಾಲ್ಕೂ ಸ್ಪಷ್ಟವಾಗಿರಬೇಕು. ಮಹಡಿಯನ್ನು ವಿಭಾಗಿಸುವ ಮುನ್ನ ಸ್ಥಳೀಯ ಸಂಸ್ಥೆಯ ಅನುಮತಿ, ಬೆಂಕಿ ಅವಘಡದಲ್ಲಿ ಹೊರಹೋಗುವ ದಾರಿ, ಆಹಾರ ಮಳಿಗೆಗಳಿಗೆ ಆಹಾರ ಸುರಕ್ಷತಾ ನೋಂದಣಿ ಇವುಗಳನ್ನು ಮುಂದಕ್ಕೆ ಹಾಕಬಾರದು.

ಒಂದು ಎಚ್ಚರಿಕೆ

ಒಂದೇ ವರ್ಗದ ಗ್ರಾಹಕರನ್ನು ಅವಲಂಬಿಸುವುದರಲ್ಲಿ ಅಪಾಯವೂ ಇದೆ. 2025ರ ಜೂನ್‌ನಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ವಲಸಿಗರ ವಿರುದ್ಧ ತಪಾಸಣಾ ಕಾರ್ಯಾಚರಣೆ ನಡೆದಾಗ, ಹಿಸ್ಪಾನಿಕ್ ಗ್ರಾಹಕರನ್ನು ನಂಬಿದ್ದ ಅಲ್ಲಿನ ಜವಳಿ ಮಾರುಕಟ್ಟೆಯಲ್ಲಿ ಜನಸಂಚಾರ ತೀವ್ರವಾಗಿ ಕುಸಿಯಿತು. ಗ್ರಾಹಕರು ಹೆದರಿ ಮನೆಯಿಂದ ಹೊರಬರಲಿಲ್ಲ. ಅಂಗಡಿಯವನ ಬಾಡಿಗೆ ಮಾತ್ರ ನಿಲ್ಲಲಿಲ್ಲ.

ನಮ್ಮಲ್ಲಿ ಅಪಾಯದ ರೂಪ ಬೇರೆ. ಕೊಳೆರೋಗ, ಹಳದಿ ಎಲೆ ರೋಗ, ಈಚಿನ ವರ್ಷಗಳ ಎಲೆಚುಕ್ಕಿ ರೋಗ, ಧಾರಣೆಯ ಏರಿಳಿತ ಇವುಗಳಲ್ಲಿ ಯಾವುದು ಬಂದರೂ ಅಡಿಕೆ ಬೆಳೆಗಾರ ಮೊದಲು ಕಡಿಮೆ ಮಾಡುವುದು ಪೇಟೆಯ ಖರ್ಚನ್ನು. ರಬ್ಬರ್ ಧಾರಣೆ ಕುಸಿದರೂ ಹಾಗೆಯೇ. ರಸ್ತೆ ಕಾಮಗಾರಿ ಮುಗಿದರೆ ಹೊರಗಿನ ಕಾರ್ಮಿಕರು ಬೇರೆಡೆಗೆ ಹೋಗುತ್ತಾರೆ. ಆದ್ದರಿಂದ 30 ಮಳಿಗೆಗಳಲ್ಲಿ ಯಾವುದೇ ಒಂದು ವರ್ಗವನ್ನು ಮಾತ್ರ ನಂಬಿದವು ಮೂರನೆಯ ಒಂದು ಪಾಲನ್ನು ಮೀರದಂತೆ ನೋಡಿಕೊಳ್ಳುವುದು ವಿವೇಕ. ಔಷಧಿ, ಹಾಲು, ತರಕಾರಿ, ದುರಸ್ತಿ ಸೇವೆಗಳು ಎಲ್ಲ ವರ್ಗಕ್ಕೂ ಬೇಕಾದವು.

ಉಪಸಂಹಾರ

ಫೋರ್ಟ್ ವರ್ತ್‌ನಲ್ಲಿ ಎರಡು ಬಾರಿ ಹಣ ಸುರಿಯಲಾಯಿತು. ಮೊದಲ ಬಾರಿ ಕಟ್ಟಡಕ್ಕೆ ಮಾಡು ಬಂತು, ಗ್ರಾಹಕರು ಬರಲಿಲ್ಲ. ಎರಡನೆಯ ಬಾರಿ ಗ್ರಾಹಕರನ್ನು ಮೊದಲು ಎಣಿಸಲಾಯಿತು. ಅವರಿಗೆ ತಕ್ಕಂತೆ ಕಟ್ಟಡ ಬದಲಾಯಿತು. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ತಾಲೂಕುಗಳಲ್ಲಿ ಖಾಲಿ ಮಳಿಗೆಗಳನ್ನು ಇಟ್ಟುಕೊಂಡಿರುವ ಸದಸ್ಯರು ಹೊಸ ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಬರೆದುಕೊಳ್ಳುವುದು ಉಚಿತ:

1. ಕಟ್ಟಡದ ಸುತ್ತ ಹತ್ತು ಕಿಲೋಮೀಟರಿನೊಳಗೆ ಕಳೆದ ಹತ್ತು ವರ್ಷಗಳಲ್ಲಿ ಬಂದು ನೆಲೆಸಿದವರು ಯಾರು, ಬಿಟ್ಟುಹೋದವರು ಯಾರು?
2. ಪ್ರತಿ ವರ್ಗದವರ ಕೈಯಲ್ಲಿ ಹಣ ಇರುವ ದಿನ ಮತ್ತು ತಿಂಗಳು ಯಾವುದು? ಆ ದಿನ ನಮ್ಮ ಬಾಗಿಲು ತೆರೆದಿರುತ್ತದೆಯೇ?
3. ಅವರು ಈಗ ಉಜಿರೆ, ಬೆಳ್ತಂಗಡಿ ಅಥವಾ ಮಂಗಳೂರಿಗೆ ಬಸ್ಸು ಹತ್ತಿ ಹೋಗುವುದು ಯಾವ ವಸ್ತು, ಯಾವ ಸೇವೆಗಾಗಿ?
4. ಕನಿಷ್ಠ ಎಷ್ಟು ಮಳಿಗೆಗಳು ಭರ್ತಿಯಾದರೆ ಕಂತು ಮತ್ತು ನಿರ್ವಹಣೆ ಸರಿದೂಗುತ್ತವೆ?
5. ಆರಂಭದ ಆರು ತಿಂಗಳ ಕೊರತೆಯನ್ನು ತುಂಬುವ ಹಣ ತೋಟವನ್ನು ಮುಟ್ಟದೆ ಕೈಯಲ್ಲಿದೆಯೇ?

ಐದನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ, 30ರ ಬದಲು ಎಂಟು ಮಳಿಗೆಗಳಿಂದ ಆರಂಭಿಸಬಹುದು. ಭಾನುವಾರ ಮಧ್ಯಾಹ್ನ ಬಾಗಿಲು ತೆರೆದಿಡಲು ಯಾವ ಬ್ಯಾಂಕಿನ ಸಾಲವೂ ಬೇಕಾಗುವುದಿಲ್ಲ.